ಬೆಂಚಿನ ಮೇಲೆ ಸರಿಯಿದ್ದ ಕಾರ್ಡುಗಳು

ಶಿಡ್ಲಘಟ್ಟದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ವಾಪಸು ಬಂದ ಮೊದಲ ಪೆಟ್ಟಿಗೆಯನ್ನು ಬಿಚ್ಚಿದಾಗ ನಮ್ಮಲ್ಲಿ ಯಾರಿಗೂ ಗಾಬರಿಯೇನೂ ಆಗಲಿಲ್ಲ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಒಂದಿಷ್ಟು ಕಾರ್ಡುಗಳು, ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಎಲ್ಲ ಚೀಟಿಗಳ ಮೇಲೂ ಒಂದೇ ದೂರು: ಮಧ್ಯಾಹ್ನದ ಮೇಲೆ ಮಾತು ಕಡಿದು ಹೋಗುತ್ತದೆ, ಕೆಂಪು ದೀಪ ಮಿಣುಕಿ ಆರುತ್ತದೆ. ಸಲಕರಣೆ ಮಾಡಿ ಮಾರುವವರಿಗೆ ಕೆಲವು ವಾಪಸು ಬರುವುದು ಹೊಸ ಸಂಗತಿಯಲ್ಲ. ಸಾಗಣೆಯಲ್ಲಿ ಪೆಟ್ಟು ಬಿದ್ದಿರುತ್ತದೆ, ಎಲ್ಲೋ ಒಂದು ಬೆಸುಗೆ ಸಡಿಲವಾಗಿರುತ್ತದೆ. ಹುಡುಕಿ, ಸರಿ ಮಾಡಿ ಕಳಿಸಿದರೆ ಮುಗಿಯಿತು.

ಎರಡು ಸಾವಿರದ ನಾಲ್ಕರ ಆಸುಪಾಸು ಅದು. ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಚಿಕ್ಕ ಕಾರ್ಖಾನೆಯ ಪರೀಕ್ಷೆ ಮತ್ತು ರಿಪೇರಿ ವಿಭಾಗ ನನ್ನ ಕೈಯಲ್ಲಿತ್ತು. ನಾವು ಮಾಡುತ್ತಿದ್ದುದು ಡಿಜಿಟಲ್ ಮಲ್ಟಿಪ್ಲೆಕ್ಸರ್. ಬಾಯಿಮಾತಿನಲ್ಲಿ ಎಲ್ಲರೂ ‘ಮಕ್ಸ್’ ಎನ್ನುತ್ತಿದ್ದೆವು. ಒಂದು ಊರಿನ ನೂರಾರು ಫೋನುಗಳ ಮಾತನ್ನು ಸೊನ್ನೆ–ಒಂದುಗಳ ಒಂದೇ ಹರಿವಾಗಿ ಹೆಣೆದು, ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತಿಯಲ್ಲಿ ಇನ್ನೊಂದು ಊರಿಗೆ ಕಳಿಸುವ ಪೆಟ್ಟಿಗೆ. ಆ ಕಡೆ ಇಂಥದೇ ಇನ್ನೊಂದು ಪೆಟ್ಟಿಗೆ ಆ ಹರಿವನ್ನು ಬಿಡಿಸಿ, ಯಾರ ಮಾತನ್ನು ಯಾರಿಗೆ ಕೊಡಬೇಕೋ ಅವರಿಗೆ ಕೊಡುತ್ತದೆ. ಒಂದು ಪೆಟ್ಟಿಗೆಯಲ್ಲಿ ಮುಖ್ಯವಾಗಿ ಮೂರು ಬಗೆಯ ಕಾರ್ಡುಗಳು: ಹೆಣೆಯುವ ಮತ್ತು ಬಿಡಿಸುವ ಮಕ್ಸ್ ಕಾರ್ಡು, ಬೆಳಕಾಗಿ ಬದಲಿಸಿ ಕಳಿಸುವ ಆಪ್ಟಿಕಲ್ ಕಾರ್ಡು, ಇವೆರಡಕ್ಕೂ ವಿದ್ಯುತ್ ಕೊಡುವ ಪವರ್ ಕಾರ್ಡು.

ನಮ್ಮ ಪೆಟ್ಟಿಗೆಗಳು ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರದ ಎಕ್ಸ್‌ಚೇಂಜುಗಳಲ್ಲಿದ್ದವು. ಕೆಂಚಾರ್ಲಹಳ್ಳಿಯಂಥ ಹಳ್ಳಿಗಳ ಪುಟ್ಟ ಎಕ್ಸ್‌ಚೇಂಜುಗಳಲ್ಲೂ ಇದ್ದವು.

ವಾಪಸು ಬಂದವನ್ನು ಪರೀಕ್ಷೆಯ ಬೆಂಚಿಗೆ ಹಾಕಿದ್ದು ಅಕ್ಕ. ಅವರು ಮಂಚೇನಹಳ್ಳಿ ಕಡೆಯವರು. ಕಾರ್ಖಾನೆ ಶುರುವಾದಾಗ ಬೆಸುಗೆ ಹಾಕುವ ಕೆಲಸಕ್ಕೆ ಸೇರಿ, ಕಲಿತು, ಪರೀಕ್ಷೆಯ ಬೆಂಚಿನ ಉಸ್ತುವಾರಿಯಾದವರು. ಯಜಮಾನರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಅಕ್ಕ. ಅವರ ಕೈ ದಾಟದೆ ಯಾವ ಕಾರ್ಡೂ ಹೊರಗೆ ಹೋಗುತ್ತಿರಲಿಲ್ಲ. ಬಿಟ್ ಎರರ್ ಟೆಸ್ಟರ್ ಎಂಬ ಯಂತ್ರದಿಂದ ಗೊತ್ತಿರುವ ಒಂದು ಸೊನ್ನೆ–ಒಂದುಗಳ ಸಾಲನ್ನು ಕಾರ್ಡಿನೊಳಕ್ಕೆ ಬಿಡುವುದು, ಅದು ಸುತ್ತಿ ಬಂದಾಗ ಒಂದೊಂದನ್ನೂ ಹೋಲಿಸಿ ಎಷ್ಟು ತಪ್ಪಿದೆ ಎಂದು ಎಣಿಸುವುದು. ಒಂದು ಹಗಲು ಒಂದು ರಾತ್ರಿ ಬಿಟ್ಟರೂ ತಪ್ಪಿನ ಲೆಕ್ಕ ಸೊನ್ನೆಯಲ್ಲೇ ನಿಂತಿರಬೇಕು.

ಸೊನ್ನೆಯಲ್ಲೇ ನಿಂತಿತ್ತು. ಎಲ್ಲ ಕಾರ್ಡುಗಳಲ್ಲೂ.

"ಏಮಿ ಸಾರ್ ಇದಿ?" ಅಂದರು ಅಕ್ಕ. ಸಿಟ್ಟು ಬಂದರೆ ಅವರ ಮಾತು ತೆಲುಗಿಗೆ ತಿರುಗುತ್ತಿತ್ತು. "ಚೆನ್ನಾಗಿರೋದನ್ನ ಕೆಟ್ಟೋಗಿದೆ ಅಂತ ಕಳಿಸ್ತಾರಲ್ಲ! ಇನ್ನೊಂದ್ ದಿನ ಬಿಟ್ ನೋಡ್ಲಾ?"

"ಬಿಡಿ ಅಕ್ಕ," ಅಂದೆ.

ಇನ್ನೊಂದು ದಿನ ಬಿಟ್ಟರೂ ಏನೂ ಸಿಗಲಿಲ್ಲ. ದೋಷವಿಲ್ಲ ಎಂದು ಬರೆದು ವಾಪಸು ಕಳಿಸಿದೆವು. ಮುಂದಿನ ತಿಂಗಳೊಳಗೆ ಅವೇ ಕಾರ್ಡುಗಳು ಮತ್ತೆ ಬಂದವು. ಜೊತೆಗೆ ಚಿಂತಾಮಣಿಯವೂ ಇದ್ದವು, ಕೆಂಚಾರ್ಲಹಳ್ಳಿಯವೂ ಇದ್ದವು. ಮತ್ತೆ ಪರೀಕ್ಷೆ, ಮತ್ತೆ ಸೊನ್ನೆ. ಸಿಕ್ಕ ತಪ್ಪನ್ನು ಸರಿ ಮಾಡಬಹುದು. ಸಿಗದೇ ಇರುವ ತಪ್ಪು ದಿನವಿಡೀ ತಲೆಯೊಳಗೆ ಕೂತಿರುತ್ತದೆ. ಊಟಕ್ಕೆ ಕೂತಾಗಲೂ ನಾನು ಅಕ್ಕ ಅದನ್ನೇ ಮಾತಾಡುತ್ತಿದ್ದೆವು.

ಮೂರನೆಯ ಸಲ ವಾಪಸು ಬಂದಾಗ ಮ್ಯಾನೇಜರು ನಮ್ಮ ವಿಭಾಗಕ್ಕೆ ಬಂದರು. ಮಾರಾಟ, ಬಿಲ್ಲು, ಗಿರಾಕಿಗಳ ಜೊತೆಗಿನ ಮಾತು ಎಲ್ಲ ಅವರದು. ಕೆಟ್ಟವರಲ್ಲ, ಆದರೆ ದಿನಾ ಬೈಗುಳ ಕೇಳಿ ಕೇಳಿ ಸಣ್ಣಗಾಗಿ ಹೋಗಿದ್ದರು.

"ಏನಾದ್ರೂ ಕ್ರಮ ತಗೊಂಡಿದ್ದೀವಿ ಅಂತ ನಾನು ಟೆಲಿಫೋನ್ ಕಚೇರಿಯವರಿಗೆ ಹೇಳ್ಬೇಕು," ಅಂದರು. "ಟೆಸ್ಟಿಂಗ್‌ನಲ್ಲಿ ಜನ ಬದಲಾಯಿಸಿದ್ದೀವಿ ಅಂತ ಹೇಳ್ತೀನಿ. ಅಕ್ಕ ಸ್ವಲ್ಪ ದಿನ ಪ್ಯಾಕಿಂಗ್ ನೋಡ್ಕೊಳ್ಳಿ."

ನಾನು ತಡೆದೆ. "ಸರ್, ಅವರು ಟೆಸ್ಟ್ ಮಾಡಿದ್ದರಲ್ಲಿ ತಪ್ಪಿಲ್ಲ. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೀನಿ."

"ತಪ್ಪಿಲ್ಲ ಅಂದ್ರೆ ಕಾರ್ಡ್ ಯಾಕ್ ವಾಪಸ್ ಬರ್ತಿದಾವೆ? ಅದಕ್ಕೆ ಉತ್ತರ ಇದ್ಯಾ ನಿಮ್ ಹತ್ರ?"

ಅಕ್ಕ ಮೈಯ ವಿದ್ಯುತ್ತು ಕಾರ್ಡಿಗೆ ತಾಗದಿರಲೆಂದು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿ, ಮಡಚಿ, ಬೆಂಚಿನ ಮೇಲಿಟ್ಟು ಪ್ಯಾಕಿಂಗ್ ಕೋಣೆಗೆ ಹೋದರು. ಅಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಾ ನಿಂತ ಅವರನ್ನು ದಾಟಿಕೊಂಡೇ ನಾನು ಸ್ಟೋರಿಗೆ ಹೋಗಬೇಕಿತ್ತು. ಮೊದಲ ದಿನ ಅವರೇ ಕೇಳಿದರು.

"ಸಾರ್, ನಾನು ಏನಾದ್ರೂ ನೋಡ್ದಂಗೆ ಬಿಟ್‌ಬಿಟ್ನಾ? ನಿಜ ಹೇಳಿ. ಬೇಜಾರ್ ಮಾಡ್ಕೊಳಲ್ಲ."

"ಇಲ್ಲ ಅಕ್ಕ."

"ನೀವು ಒಳ್ಳೆಯವ್ರು, ಹಂಗೇ ಹೇಳ್ತೀರ," ಅಂದು ಟೇಪು ಕತ್ತರಿಸಿದರು.

ಯಜಮಾನರು ನನ್ನನ್ನು ಕರೆಸಿದ್ದು ಅದಾದ ಮೇಲೆ. ಅವರು ಒಂದು ಕಾಲಕ್ಕೆ ಬೆಂಗಳೂರಿನ ದೊಡ್ಡ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಸಲಕರಣೆ ವಿನ್ಯಾಸ ಮಾಡುತ್ತಿದ್ದವರು. ನೌಕರಿ ಬಿಟ್ಟು ಈ ಕಾರ್ಖಾನೆ ಕಟ್ಟಿದ್ದರು. "ಇಲ್ಲಿ ಕೂತ್ಕೊಂಡು ಸಿಗಲ್ಲಪ್ಪ ಅದು," ಅಂದರು. "ಟೆಸ್ಟರ್ ಎತ್ಕೊಂಡು ಎಕ್ಸ್‌ಚೇಂಜಿನ ರೂಮಿಗೇ ಹೋಗು. ಸಿಗೋವರೆಗೂ ಬರ್ಬೇಡ."

ಮೊದಲು ಹೋದದ್ದು ಶಿಡ್ಲಘಟ್ಟಕ್ಕೆ. ಅಲ್ಲಿ ಊರಿಂದೂರಿಗೆ ಮಾತು ಸಾಗಿಸುವ ಟ್ರಾನ್ಸ್‌ಮಿಷನ್ ವಿಭಾಗ ನೋಡಿಕೊಳ್ಳುತ್ತಿದ್ದ ಸಾಹೇಬರು ನಿವೃತ್ತಿಗೆ ಹತ್ತಿರವಾಗಿದ್ದವರು. ಅದೇ ಊರಿನವರು, ಅಣ್ಣತಮ್ಮಂದಿರೆಲ್ಲ ರೇಷ್ಮೆ ನೂಲು ತೆಗೆಯುವ ಕಸುಬಿನಲ್ಲಿದ್ದವರು. ನನ್ನನ್ನು ನೋಡಿದ ಕೂಡಲೇ ಕೈ ಮುಗಿಯುವ ಹಾಗೆ ಮಾಡಿದರು.

"ಬನ್ನಿ ಭಾಯ್, ಬನ್ನಿ. ನಿಮ್ ಡಬ್ಬದಿಂದ ನಂಗೆ ಆಫೀಸಲ್ಲೂ ಬೈಗುಳ, ಮನೇಲೂ ಬೈಗುಳ. ಗೂಡಿನ ಮಾರ್ಕೆಟ್‌ನೋರು ಬೆಳಗ್ಗೆ ತಗೊಂಡ್ ಮಾಲಿಗೆ ಮಧ್ಯಾಹ್ನ ಬೆಂಗಳೂರಿನ ಜೊತೆ ರೇಟ್ ಮಾತಾಡ್ತಾರೆ. ಅರ್ಧ ಮಾತಲ್ಲಿ ಕಟ್! ನಮ್ ತಮ್ಮನೇ ಕೇಳ್ತಾನೆ, ಭಾಯ್‌ಜಾನ್, ನೀವು ಅಲ್ಲಿ ಏನ್ ಮಾಡ್ತೀರಾ ಅಂತ."

ಚಹಾ ತರಿಸಿದರು. ಕುಡಿದು ಕೆಲಸಕ್ಕೆ ಕೂತೆ. ಗಾಜಿನ ತಂತಿಯ ತುದಿಗಳನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ಒರೆಸಿದೆ. ಬರುವ ಬೆಳಕನ್ನು ಮೀಟರಿನಲ್ಲಿ ಅಳೆದೆ. ಬೇಕಾದುದಕ್ಕಿಂತ ಹೆಚ್ಚೇ ಇತ್ತು. ಅರ್ಥಿಂಗ್ ನೋಡಿದೆ, ಚೆನ್ನಾಗಿತ್ತು. ಕೆಂಪು ದೀಪ ಮಿಣುಕುತ್ತಿದ್ದುದು ಮಕ್ಸ್ ಕಾರ್ಡಿನ ಮೇಲೆ. ಅದನ್ನೂ ಆಪ್ಟಿಕಲ್ ಕಾರ್ಡನ್ನೂ ತೆಗೆದು ಹೊಸವನ್ನು ಹಾಕಿದೆ. ಸಂಜೆಯವರೆಗೆ ಕೂತು ನೋಡಿದೆ, ಒಂದು ತಪ್ಪೂ ಇಲ್ಲ. ಅದರ ಮರುದಿನ, ಮೂರನೆಯ ದಿನವೂ ಇಲ್ಲ. ಸಾಹೇಬರು ಖುಷಿಯಿಂದ ನನ್ನ ಬೆನ್ನು ತಟ್ಟಿ ಬಸ್ಸು ಹತ್ತಿಸಿದರು. ನಾನು ಕಾರ್ಖಾನೆಗೆ ತಲುಪುವಷ್ಟರಲ್ಲಿ ಅವರ ಫೋನು ಬಂದಿತ್ತು. ಮತ್ತೆ ಶುರುವಾಗಿದೆ ಎಂದು.

ಆ ದಿನಗಳಲ್ಲೇ ಇನ್ನೊಂದು ಸಂಗತಿ ನಡೆಯಿತು. ಏನಾದರೂ ಕಾರಣ ಹೇಳಲೇಬೇಕಾಗಿ ಬಂದಾಗ ಮ್ಯಾನೇಜರು ಟೆಲಿಫೋನ್ ಕಚೇರಿಯ ಮೇಲಿನ ಅಧಿಕಾರಿಗಳ ಹತ್ತಿರ ಒಂದು ಮಾತು ಆಡಿದ್ದರು: ಎಕ್ಸ್‌ಚೇಂಜಿನ ಬ್ಯಾಟರಿ ಚಾರ್ಜರನ್ನೂ ಒಮ್ಮೆ ನೋಡಿಸಿ, ಅಲ್ಲಿಂದಲೂ ಇರಬಹುದು. ಬರೀ ಊಹೆ. ಆದರೆ ಅದು ಕೆಳಗಿಳಿಯುತ್ತ ಇಳಿಯುತ್ತ, ಚಾರ್ಜರಿನ ನಿರ್ವಹಣೆ ಏಕೆ ಸರಿಯಾಗಿಲ್ಲ, ವಿವರಣೆ ಕೊಡಿ ಎಂದು ಶಿಡ್ಲಘಟ್ಟದ ಸಾಹೇಬರ ಮೇಜಿಗೆ ಬಂತು. ನಾನು ಎರಡನೆಯ ಸಲ ಹೋದಾಗ ಅವರು ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು.

"ಇಷ್ಟು ವರ್ಷ ನೌಕರಿಯಲ್ಲಿ ಒಂದು ಮೆಮೊ ತಗೊಂಡಿರ್ಲಿಲ್ಲ ಭಾಯ್," ಅಂದರು. "ಕೊನೇಲಿ ತಗೊಂಡೆ. ಚಾರ್ಜರ್ ನಾನೇ ದಿನಾ ನೋಡ್ತೀನಿ. ನೀವೂ ನೋಡಿ. ತಪ್ಪಿದ್ರೆ ತಪ್ಪು ಅಂತ ಹೇಳಿ, ನಂಗೇನಿಲ್ಲ."

ಬ್ಯಾಟರಿಗಳ ಕೋಣೆಗೆ ಕರೆದುಕೊಂಡು ಹೋಗಿ ಅವರೇ ಬಾಗಿಲು ತೆರೆದರು. ಎಲ್ಲ ಒರೆಸಿ ಇಟ್ಟಂತಿತ್ತು. ಎಲ್ಲೂ ಕಿಲುಬಿರಲಿಲ್ಲ. ನಾನು ಅಳೆದೆ. ಎಲ್ಲ ನಿಯಮದ ಮಿತಿಯೊಳಗೇ ಇತ್ತು. ಹಾಗೆಂದು ಅವರಿಗೆ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಮೆಮೊ ಮೇಜಿನ ಮೇಲೆ ಹಾಗೇ ಇತ್ತು.

ಚಿಂತಾಮಣಿಯಲ್ಲಿ ಕೂರುವುದೆಂದು ತೀರ್ಮಾನಿಸಿದ್ದು ಆಮೇಲೆ. ಅಲ್ಲಿ ನಮ್ಮ ಪೆಟ್ಟಿಗೆಗಳು ಹೆಚ್ಚಿದ್ದವು. ಅದರಲ್ಲಿ ಕೆಂಚಾರ್ಲಹಳ್ಳಿಗೆ ಹೋಗುವ ಎರಡರಲ್ಲಿ ಒಂದು ಆಗ ಪೂರ್ತಿ ಖಾಲಿಯಿತ್ತು. ಮಾತಾಡುವವರಿಗೆ ತೊಂದರೆಯಿಲ್ಲದೆ ಆ ಖಾಲಿ ದಾರಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಪರೀಕ್ಷೆ ಮಾಡಬಹುದಿತ್ತು.

ಇಂಥ ದೋಷವನ್ನು ಹುಡುಕುವುದಕ್ಕೆ ಒಂದು ನೇರವಾದ ವಿಧಾನವಿದೆ. ದಾರಿಯನ್ನು ತುಂಡು ತುಂಡಾಗಿ ನೋಡುವುದು. ಮೊದಲು ದೂರದ ಹಳ್ಳಿಯಲ್ಲಿ ಹೋದದ್ದನ್ನು ಹಾಗೇ ವಾಪಸು ತಿರುಗಿಸುವಂತೆ ಒಂದು ತಂತಿ ಕೊಂಡಿ ಹಾಕಿಸುತ್ತೇವೆ. ಅದಕ್ಕೆ ಲೂಪ್ ಎನ್ನುತ್ತಾರೆ. ಇಲ್ಲಿಂದ ಬಿಟ್ಟದ್ದು ಅಲ್ಲಿಗೆ ಹೋಗಿ ಇಲ್ಲಿಗೆ ಬರುತ್ತದೆ. ತಪ್ಪು ಕಂಡರೆ ಲೂಪನ್ನು ಹತ್ತಿರಕ್ಕೆ ತರುತ್ತೇವೆ. ಗಾಜಿನ ತಂತಿಯ ಆ ತುದಿ, ಆಮೇಲೆ ಈ ತುದಿ, ಆಮೇಲೆ ಇದೇ ಪೆಟ್ಟಿಗೆಯ ಒಳಗೆ. ಯಾವ ತುಂಡನ್ನು ಬಿಟ್ಟಾಗ ತಪ್ಪು ನಿಲ್ಲುತ್ತದೋ ಆ ತುಂಡಿನಲ್ಲಿ ರೋಗವಿದೆ.

ದಿನಕ್ಕೊಂದು ತುಂಡಿನಂತೆ ನಾನು ಲೂಪನ್ನು ಹತ್ತಿರಕ್ಕೆ ತರುತ್ತಾ ಹೋದೆ, ತಪ್ಪು ನನ್ನ ಜೊತೆಗೇ ಬರುತ್ತಾ ಹೋಯಿತು. ಹಳ್ಳಿಯದಲ್ಲ, ಗಾಜಿನ ತಂತಿಯದಲ್ಲ. ಕೊನೆಗೆ ಗಾಜಿನ ತಂತಿಯನ್ನೇ ಬಿಚ್ಚಿಟ್ಟು, ಪೆಟ್ಟಿಗೆಯ ಬೆಳಕನ್ನು ಅದರ ಮುಖಕ್ಕೇ ತಿರುಗಿಸಿ ಒಂದು ಗೇಣುದ್ದದ ತಂತಿ ಸಿಕ್ಕಿಸಿದೆ. ಈಗ ಪರೀಕ್ಷೆಯಲ್ಲಿ ಉಳಿದದ್ದು ನಮ್ಮ ಪೆಟ್ಟಿಗೆ ಮಾತ್ರ. ಮಧ್ಯಾಹ್ನದವರೆಗೆ ಸೊನ್ನೆ. ಊಟ ಮಾಡಿ ಬಂದು ಕುರ್ಚಿಯಲ್ಲಿ ಕೂತಿದ್ದೆ. ಕರೆಂಟು ಹೋಯಿತು. ಆ ಬೇಸಿಗೆಯಲ್ಲಿ ಮಧ್ಯಾಹ್ನದ ಕರೆಂಟು ಹೋಗದ ದಿನ ಅಪರೂಪ; ಶಿಡ್ಲಘಟ್ಟದಲ್ಲಿ ನಾನು ಕೂತ ಮೂರು ದಿನ ಮಾತ್ರ ಅದು ಹೋಗಿರಲಿಲ್ಲ. ಎಕ್ಸ್‌ಚೇಂಜು ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಟೆಸ್ಟರಿನಲ್ಲಿ ಆಗಲೂ ಸೊನ್ನೆಯೇ.

ಕರೆಂಟು ವಾಪಸು ಬಂತು. ಪಕ್ಕದ ಕೋಣೆಯಲ್ಲಿ ಚಾರ್ಜರು ಗುಂಯ್ ಎಂದು ಎದ್ದಿತು. ಖಾಲಿಯಾದ ಬ್ಯಾಟರಿಯನ್ನು ತುಂಬಿಸಲು ಅದು ಹೆಚ್ಚಿನ ವೋಲ್ಟೇಜು ಕೊಡತೊಡಗುತ್ತದೆ. ಅದು ಎಲ್ಲ ಚಾರ್ಜರುಗಳೂ ಮಾಡುವ ಕೆಲಸ. ನಾನು ಟೆಸ್ಟರಿನ ಕಡೆ ತಿರುಗಿದೆ. ತಪ್ಪಿನ ಲೆಕ್ಕ ಓಡುತ್ತಿತ್ತು. ಮಕ್ಸ್ ಕಾರ್ಡಿನ ಕೆಂಪು ದೀಪ ಮಿಣುಕಿತು, ಆರಿತು, ಮತ್ತೆ ಮಿಣುಕಿತು.

ನನಗೆ ಆಗ ಆದದ್ದು ಸಂತೋಷವಲ್ಲ, ನಾಚಿಕೆಯಂಥದೇನೋ. ಮಕ್ಸ್ ಕಾರ್ಡು ನೋವನ್ನು ತೋರಿಸುತ್ತಿತ್ತು, ಅಷ್ಟೇ. ನೋವು ಅದರದಾಗಿರಲಿಲ್ಲ. ಅದರ ಪಕ್ಕದಲ್ಲಿ ಪವರ್ ಕಾರ್ಡು ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಕೆಂಪು ದೀಪ ಮಿಣುಕಿದ ಕಾರ್ಡುಗಳನ್ನು ಎಲ್ಲರೂ ಕಿತ್ತು ಕಾರ್ಖಾನೆಗೆ ಕಳಿಸಿದರು, ಹಸಿರು ದೀಪದ ಕಾರ್ಡನ್ನು ಯಾರೂ ಮುಟ್ಟಲಿಲ್ಲ. ಅಕ್ಕನ ಬೆಂಚಿಗೆ ಬಂದದ್ದೆಲ್ಲ ಸರಿಯಿದ್ದ ಕಾರ್ಡುಗಳೇ. ಕೆಟ್ಟದ್ದು ಒಂದೂ ನಮ್ಮ ಗೇಟಿನೊಳಗೆ ಬಂದೇ ಇರಲಿಲ್ಲ.

ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಮೊನೆಯನ್ನು ಪವರ್ ಕಾರ್ಡಿನ ಹೊರತುದಿಗೆ ಮುಟ್ಟಿಸಿದೆ. ನೇರ ಗೆರೆ ಕಾಣಬೇಕಾದಲ್ಲಿ ಹಾವಿನಂತೆ ಅಲೆ ಆಡುತ್ತಿತ್ತು. ಚಾರ್ಜರಿನಿಂದ ಬರುವ ಸಣ್ಣ ಏರಿಳಿತವನ್ನು ತಡೆದು, ಸಮ ಮಾಡಿ, ಒಳಗೆ ಕೊಡುವುದೇ ಆ ಕಾರ್ಡಿನ ಕೆಲಸ. ಅದು ತಡೆಯುತ್ತಿರಲಿಲ್ಲ. ಅಲೆ ಒಳಗೆ ಹೋಗಿ ಸೊನ್ನೆ–ಒಂದುಗಳ ತಾಳ ತಪ್ಪಿಸುತ್ತಿತ್ತು.

ಆ ಕಾರ್ಡನ್ನು ಬದಲಾಯಿಸಿ, ತೆಗೆದದ್ದನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ಅಲ್ಲಿ ಗೌರಿಬಿದನೂರಿನ ಬಸ್ಸಿಗೆ ಕಾಯುವಾಗಲೂ ಕೆಳಗೆ ಇಡಲಿಲ್ಲ.

ಕಾರ್ಖಾನೆಯಲ್ಲಿ ಅದನ್ನು ಬೆಂಚಿಗೆ ಹಾಕಿದಾಗ ಮೊದಲು ಸೊನ್ನೆಯೇ ಬಂತು. ನಮ್ಮ ಬೆಂಚಿನ ವಿದ್ಯುತ್ತು ನೀರಿನಂತೆ ಸಮನಾದದ್ದು, ಅದರಲ್ಲಿ ಯಾವ ಕಾಯಿಲೆಯೂ ಕಾಣದು. ಕಾರ್ಖಾನೆಯ ಜನರೇಟರ್ ಶೆಡ್ಡಿನಲ್ಲಿದ್ದ ಹಳೆಯ ಬ್ಯಾಟರಿ ಚಾರ್ಜರನ್ನು ನಾನೂ ಗೇಟಿನ ಕಾವಲುಗಾರನೂ ಸೇರಿ ಎತ್ತಿ ತಂದೆವು. ಅದಕ್ಕೆ ಜೋಡಿಸಿದೆ. ತಪ್ಪಿನ ಲೆಕ್ಕ ಓಡಿತು. ಅದೇ ಜಾಗಕ್ಕೆ ಇದಕ್ಕೂ ಹಿಂದಿನ ವರ್ಷ ಮಾಡಿದ ಒಂದು ಪವರ್ ಕಾರ್ಡು ಹಾಕಿದೆ. ಸೊನ್ನೆ. ಮತ್ತೆ ಇದನ್ನು ಹಾಕಿದೆ. ಓಡಿತು.

ಯಜಮಾನರು ಬಂದು ಪಕ್ಕದಲ್ಲಿ ನಿಂತರು. ನಾನು ಕಾರ್ಡಿನ ಕೆಪಾಸಿಟರುಗಳನ್ನು ಒಂದೊಂದಾಗಿ ಕಿತ್ತು ಅಳೆದೆ. ಬೆರಳಿನ ಗೆಣ್ಣಿನಷ್ಟು ದಪ್ಪದ ನೀಲಿ ಡಬ್ಬಿಗಳು, ಅಲೆಯನ್ನು ಹೀರಿಕೊಳ್ಳಬೇಕಾದವು. ನೋಡುವುದಕ್ಕೆ ಹೊಸವುಗಳಂತೆ ಇದ್ದವು. ಒಳಗೆ ಒಣಗಿ ಹೋಗಿದ್ದವು. ನಾವು ಎಂದಿನಿಂದ ಕೊಳ್ಳುತ್ತಿದ್ದವರಲ್ಲಿ ಮಾಲು ಮುಗಿದು, ಬೆಂಗಳೂರಿನ ಬೇರೊಬ್ಬ ವ್ಯಾಪಾರಿಯಿಂದ ಒಂದು ಸಲ ತರಿಸಿದ್ದ ಸರಕು ಅದು. ಹೊಸದಾಗಿ ಬಂದಾಗ ಎಲ್ಲ ಅಳತೆಯಲ್ಲೂ ಸರಿಯಿತ್ತು. ಕೆಲವು ತಿಂಗಳು ಬಿಸಿಯಲ್ಲಿ ಕೆಲಸ ಮಾಡಿದ ಮೇಲೆ ಒಣಗುವಂಥದು. ಯಾವ ಬೆಂಚೂ ಅದನ್ನು ಮೊದಲೇ ಹಿಡಿಯಲಾರದು.

ಯಜಮಾನರು ಒಂದು ಡಬ್ಬಿಯನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು. "ಇದು ಎಷ್ಟು ಪೆಟ್ಟಿಗೇಲಿದೆ?"

"ಆ ಸರಕು ಬಂದ ವರ್ಷ ಕಳಿಸಿದ್ದೆಲ್ಲದರಲ್ಲೂ ಸರ್. ಕೆಲವು ಈಗ ಕಾಟ ಕೊಡ್ತಿವೆ. ಉಳಿದವು ಇವತ್ತಲ್ಲ ನಾಳೆ."

ಮಾರನೆಯ ದಿನ ಬೆಳಗ್ಗೆ ಅವರ ಕೋಣೆಯಲ್ಲಿ ನಾವು ಮೂವರೇ ಕೂತೆವು. ಮ್ಯಾನೇಜರು ಮೊದಲು ಮಾತಾಡಿದರು. ಅವರು ಹೇಳಿದ್ದು ಹುಚ್ಚು ಮಾತಾಗಿರಲಿಲ್ಲ. ಚಾರ್ಜರಿನ ಏರಿಳಿತ ಮಿತಿಯೊಳಗಿದ್ದರೂ ಮಿತಿಗೆ ಹತ್ತಿರವೇ ಇತ್ತು. ಚಾರ್ಜರು ಕಾರಣ ಎಂದು ವರದಿ ಬರೆದರೆ ಎದುರಾಡುವವರು ಯಾರೂ ಇರಲಿಲ್ಲ. ದೂರು ಬಂದ ಕಡೆ ಮಾತ್ರ ಸದ್ದಿಲ್ಲದೆ ಪವರ್ ಕಾರ್ಡು ಬದಲಾಯಿಸಿಕೊಂಡು ಬರಬಹುದಿತ್ತು.

"ಹೊಸ ಆರ್ಡರ್ ಬರೋ ಹೊತ್ತು ಸರ್," ಅಂದರು. "ನಮ್ ಮಾಲೇ ಕೆಟ್ಟದು ಅಂತ ನಾವೇ ಬರ್ಕೊಟ್ರೆ ನಮ್ಮ ಅನುಮೋದನೆ ಹೋಗುತ್ತೆ. ಇಲ್ಲಿ ಕೆಲಸ ಮಾಡೋ ಹೆಣ್ಮಕ್ಕಳೆಲ್ಲ ಎಲ್ಲಿಗೆ ಹೋಗ್ತಾರೆ? ನಾನು ನನಗೋಸ್ಕರ ಹೇಳ್ತಿಲ್ಲ."

ಯಜಮಾನರು ನನ್ನ ಕಡೆ ನೋಡಿದರು. "ನೀನು ಹೇಳಪ್ಪ. ನಮ್ಮ ಪೆಟ್ಟಿಗೆ ಆ ಅಲೆಯನ್ನ ತಡೀಬೇಕಿತ್ತಾ, ಇಲ್ವಾ?"

"ತಡೀಬೇಕಿತ್ತು ಸರ್."

"ಚಾರ್ಜರ್ ನೋಡ್ಕೊಳೋ ಆ ಸಾಹೇಬರು?"

"ಅವರ ಮೇಲೆ ಆಗ್ಲೇ ಮೆಮೊ ಇದೆ ಸರ್. ನಾವು ಚಾರ್ಜರ್ ಅಂತ ಬರೆದ್ರೆ ಅದು ಅವರ ತಲೆಗೇ ಕೂರುತ್ತೆ."

ಅವರು ಕಿಟಕಿಯಾಚೆ ನೋಡಿದರು. ಹೊರಗೆ ಊಟದ ಡಬ್ಬಿ ಹಿಡಿದುಕೊಂಡು ಹೆಂಗಸರು ಗೇಟಿನಿಂದ ಒಳಗೆ ಬರುತ್ತಿದ್ದರು.

"ಇರೋದನ್ನ ಇರೋ ಹಾಗೆ ಬರಿ," ಅಂದರು ಯಜಮಾನರು ಕೊನೆಗೆ. "ಆ ಸರಕಿರೋ ಪೆಟ್ಟಿಗೆ ಎಲ್ಲೆಲ್ಲಿದೆಯೋ ಎಲ್ಲಾ ವಾಪಸ್ ತಗೊಳ್ಳೋಣ. ಕೆಟ್ಟಿರ್ಲಿ, ಬಿಡ್ಲಿ."

ನಾನು ಬರೆದೆ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಸ್ಪಷ್ಟವಾದ ವರದಿಯನ್ನು ನಾನು ಮತ್ತೆ ಬರೆದಿಲ್ಲ. ಅದರಲ್ಲಿ ಒಂದು ಶಬ್ದವನ್ನೂ ಇವತ್ತಿಗೂ ಬದಲಾಯಿಸುವುದಿಲ್ಲ. ಆದರೂ ಅದರ ನೆನಪಾದಾಗ ಹೆಮ್ಮೆ ಬರುವುದಿಲ್ಲ.

ಅಕ್ಕನನ್ನು ಬೆಂಚಿಗೆ ವಾಪಸು ಕರೆಯಲು ಯಜಮಾನರೇ ಪ್ಯಾಕಿಂಗ್ ಕೋಣೆಗೆ ಹೋದರು. ನಾನೂ ಜೊತೆಗಿದ್ದೆ. "ನಿನ್ನಿಂದ ಏನೂ ತಪ್ಪಾಗಿರ್ಲಿಲ್ಲಮ್ಮ. ನಮಗೆ ಗೊತ್ತಾಗೋದು ತಡ ಆಯ್ತು. ಬಾ," ಅಂದರು.

ಅಕ್ಕ ಕೈಯಲ್ಲಿದ್ದ ಟೇಪಿನ ಉಂಡೆಯನ್ನು ನೋಡುತ್ತಾ ನಿಂತರು. "ಅದು ನಂಗೆ ಅವತ್ತೇ ಗೊತ್ತಿತ್ತು ಸಾರ್ ಅಂತ ಹೇಳಕಾಗಲ್ಲ," ಅಂದರು. "ದಿನಾ ಮನೆಗೆ ಹೋಗಿ ಯೋಚನೆ ಮಾಡ್ತಿದ್ದೆ, ಎಲ್ಲಿ ಬಿಟ್ಟೆ, ಎಲ್ಲಿ ಬಿಟ್ಟೆ ಅಂತ. ಸಿಗ್ತಾನೇ ಇರ್ಲಿಲ್ಲ." ಮತ್ತೆ ನನ್ನ ಕಡೆ ತಿರುಗಿ, "ಇಲ್ಲದೇ ಇದ್ರೆ ಹೆಂಗೆ ಸಿಗುತ್ತೆ, ಅಲ್ವಾ ಸಾರ್?" ಅಂದರು. ನಗಲು ನೋಡಿದರು. ಆಗಲಿಲ್ಲ.

ಆಮೇಲಿನ ವಾರಗಳು ನಮ್ಮ ಕಾರ್ಖಾನೆಯ ಅತ್ಯಂತ ಚೆನ್ನಾದ ವಾರಗಳು. ಪೆಟ್ಟಿಗೆಗಳು ಬರುತ್ತಿದ್ದವು, ಹೆಂಗಸರು ಹಳೆಯ ಕೆಪಾಸಿಟರುಗಳನ್ನು ಕಿತ್ತು ಒಳ್ಳೆಯವನ್ನು ಬೆಸೆಯುತ್ತಿದ್ದರು. ಹಳೆಯ ಚಾರ್ಜರು ಬೆಂಚಿನ ಪಕ್ಕದಲ್ಲಿ ಖಾಯಂ ಆಗಿ ಕೂತಿತ್ತು. ಅಕ್ಕ ಪ್ರತಿಯೊಂದನ್ನೂ ಅದಕ್ಕೆ ಜೋಡಿಸಿ ನೋಡದೆ ಬಿಡುತ್ತಿರಲಿಲ್ಲ. ನಾನು ಊರೂರು ಸುತ್ತಿ ಅವನ್ನು ಮತ್ತೆ ಹಾಕಿ ಬರುತ್ತಿದ್ದೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಕೆಂಚಾರ್ಲಹಳ್ಳಿ, ಶಿಡ್ಲಘಟ್ಟ. ಕರೆಂಟು ಹೋಗಿ ಬಂದರೂ ಲೆಕ್ಕ ಸೊನ್ನೆಯಿಂದ ಕದಲುತ್ತಿರಲಿಲ್ಲ. ಶಿಡ್ಲಘಟ್ಟದ ಸಾಹೇಬರ ಮೆಮೊ ರದ್ದಾಯಿತು. ಅವರು ತಮ್ಮ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿಸಿದರು. ಅವರ ತಮ್ಮನನ್ನು ಕರೆದು, "ಇವರೇ ನೋಡು, ನನ್ನ ಮರ್ಯಾದೆ ಉಳಿಸಿದೋರು," ಅಂದರು. ನಾನು ತಲೆ ತಗ್ಗಿಸಿ ಊಟ ಮಾಡಿದೆ. ಕಾರ್ಖಾನೆಯಲ್ಲಿ ಅಷ್ಟು ಹೊತ್ತಿಗೆ ಏನಾಗಿತ್ತೆಂದು ಅವರಿಗೆ ಗೊತ್ತಿರಲಿಲ್ಲ.

ಮ್ಯಾನೇಜರು ಹೇಳಿದ್ದೇ ಆಗಿತ್ತು. ನಮ್ಮ ಮಾಲಿನ ಅನುಮೋದನೆಯನ್ನು ಟೆಲಿಫೋನ್ ಕಚೇರಿಯವರು ತಡೆಹಿಡಿದಿದ್ದರು. ಯಾರೂ ಕೆಟ್ಟ ಮಾತಾಡಲಿಲ್ಲ. ನಿಮ್ಮ ಪ್ರಾಮಾಣಿಕತೆ ಮೆಚ್ಚುವಂಥದು ಎಂದು ಬಾಯಲ್ಲಿ ಹೇಳಿದರು, ಮತ್ತೆ ಪರಿಶೀಲಿಸಿ ತಿಳಿಸುತ್ತೇವೆ ಎಂದರು. ಪರಿಶೀಲನೆ ಮುಗಿಯುವ ಹೊತ್ತಿಗೆ ಹೊಸ ಬಗೆಯ ಸಲಕರಣೆಯ ಕಾಲ ಬಂದಿತ್ತು. ನಮ್ಮ ಹತ್ತು ಪೆಟ್ಟಿಗೆಗಳ ಕೆಲಸವನ್ನು ಒಂದೇ ಪೆಟ್ಟಿಗೆ ಮಾಡುವಂಥದು, ಹೊರಗಿನಿಂದ ಬರುವಂಥದು. ನಮ್ಮ ವರದಿ ಇಲ್ಲದಿದ್ದರೂ ಅದು ಬರುತ್ತಿತ್ತು. ಆದರೆ ಕೈಯಲ್ಲಿ ಒಂದೆರಡು ವರ್ಷದ ಆರ್ಡರು ಇದ್ದಿದ್ದರೆ ನಾವೂ ಹೊಸದರತ್ತ ಹೊರಳುತ್ತಿದ್ದೆವೋ ಏನೋ. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ, ಒಮ್ಮೆಯೂ ಅದು ಒಂದೇ ಉತ್ತರ ಕೊಟ್ಟಿಲ್ಲ.

ಮೊದಲು ಬೆಸುಗೆಯ ವಿಭಾಗದ ಅರ್ಧ ಜನ ಹೋದರು. ಆಮೇಲೆ ಮ್ಯಾನೇಜರು ಬೇರೆ ಕಡೆ ಸೇರಿದರು. ಹೋಗುವ ದಿನ ನನ್ನ ಕೈ ಹಿಡಿದು, "ನಾನು ಹೇಳಿದ್ದು ತಪ್ಪು ಅಂತ ನಂಗೂ ಗೊತ್ತಿತ್ತು ರೀ. ಹೇಳ್ಬೇಕಾಗಿತ್ತು, ಹೇಳಿದೆ," ಅಂದರು. ಯಜಮಾನರು ಕೊನೆಯವರೆಗೂ ಎಲ್ಲರಿಗೂ ಕೊಡಬೇಕಾದ್ದನ್ನು ಕೊಟ್ಟು, ಒಬ್ಬೊಬ್ಬರನ್ನೂ ಕರೆದು ಮಾತಾಡಿಸಿ ಕಳಿಸಿದರು. ನಾನು ಒಮ್ಮೆ ಕೇಳಿಯೇಬಿಟ್ಟೆ, "ಸರ್, ಅವತ್ತು ಬೇರೆ ಥರ ಬರೆದಿದ್ರೆ?"

"ಅದನ್ನ ನೀನು ಕೇಳ್ಬೇಡಪ್ಪ," ಅಂದರು ಅವರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ನಿರ್ಧಾರ ನಂದು. ನೀನು ರೋಗ ಹುಡುಕಿದೆ, ಅಷ್ಟೇ." ಅವರು ಅಷ್ಟು ಹೇಳಿದರೂ ನನ್ನ ಎದೆ ಹಗುರಾಗಲಿಲ್ಲ.

ಕಾರ್ಖಾನೆಯ ಬಾಗಿಲು ಮುಚ್ಚುವುದಕ್ಕೆ ಸ್ವಲ್ಪ ಮೊದಲು, ಚಿಂತಾಮಣಿಯಲ್ಲಿ ಉಳಿದಿದ್ದ ನಮ್ಮ ಒಂದು ಮೀಟರನ್ನು ತರಲು ಹೋಗಿದ್ದೆ. ಎಕ್ಸ್‌ಚೇಂಜಿನೊಳಗೆ ಹೊಸ ಸಲಕರಣೆ ಕೂತಿತ್ತು. ತೆಳುವಾದ, ಸದ್ದಿಲ್ಲದ ಒಂದೇ ಒಂದು ಪೆಟ್ಟಿಗೆ. ನಮ್ಮವನ್ನು ಬಿಚ್ಚಿ ಹಿಂಬದಿಯ ವರಾಂಡದಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಒಳಗಿನ ಕಾರ್ಡುಗಳು ಹಾಗೇ ಇದ್ದವು. ನಾನು ಒಂದು ಪವರ್ ಕಾರ್ಡನ್ನು ಅರ್ಧ ಎಳೆದು ನೋಡಿದೆ. ಹೊಸ ಕೆಪಾಸಿಟರುಗಳು, ನಮ್ಮ ಹೆಂಗಸರು ಹಾಕಿದ ಹೊಳೆಯುವ ಬೆಸುಗೆ. ಒಳಕ್ಕೆ ತಳ್ಳಿ, ಮೀಟರು ತೆಗೆದುಕೊಂಡು ಬಂದೆ.

ಕಾರ್ಖಾನೆಯ ಕೊನೆಯ ದಿನ ಸಂಜೆ ಅಕ್ಕ ಮತ್ತು ನಾನು ಗೌರಿಬಿದನೂರು ಬಸ್ ನಿಲ್ದಾಣದಲ್ಲಿ ಒಟ್ಟಿಗೆ ನಿಂತಿದ್ದೆವು. ಅವರು ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಪರಿಶೀಲಿಸುವ ಕೆಲಸ ನೋಡಿಕೊಂಡಿದ್ದರು. ಮುಂದಿನ ವಾರದಿಂದ ಹೋಗಬೇಕಂತೆ. ಅಲ್ಲಿ ಎಲ್ಲರೂ ತನಗಿಂತ ಚಿಕ್ಕವರು, ಹೇಗೋ ಏನೋ ಅಂದರು. ನಾನೂ ಬೆಂಗಳೂರಿನಲ್ಲಿ ಒಂದು ಕಡೆ ಮಾತಾಡಿದ್ದೆ. ಅವರ ಬಸ್ಸು ಬಂತು, ಜನ ನುಗ್ಗಿದರು. ಅಕ್ಕ ಹತ್ತಲು ಹೋದವರು ನಿಂತು ತಿರುಗಿದರು.

"ಸಾರ್, ನಾವು ಸರಿ ಮಾಡಿ ಕಳಿಸಿದ್ವಲ್ಲ, ಆಮೇಲೆ ಅದರಲ್ಲಿ ಒಂದಾದ್ರೂ ವಾಪಸ್ ಬಂತಾ?"

ವರಾಂಡದಲ್ಲಿ ಪೇರಿಸಿಟ್ಟದ್ದು ಕಣ್ಣ ಮುಂದೆ ಬಂತು.

"ಇಲ್ಲ ಅಕ್ಕ," ಅಂದೆ. "ಒಂದೂ ಬರ್ಲಿಲ್ಲ."

"ಅಷ್ಟ್ ಸಾಕು ಬಿಡಿ," ಅಂದರು ಅಕ್ಕ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಬಿ ಹಿಡಿದು ಬಸ್ಸು ಹತ್ತಿದರು.